ಹಿರಿಯರ ಪೆಟ್ಟಿಗೆಯಲ್ಲಿ ಬಂದ ಎಳೆಯ ವಿಸ್ಕಿಯವರ ಸನ್ನಿಧಿಗೆ

ಇವರಿಗೆ,
ನಾಲ್ಕು ವರ್ಷ ವಯಸ್ಸಿನ ಸಿಂಗಲ್ ಮಾಲ್ಟ್ ಸ್ಕಾಚ್ ವಿಸ್ಕಿಯವರು,
ಊಟದ ಕೋಣೆಯ ಗಾಜಿನ ಕಪಾಟು, ಮೇಲಿನ ಅರೆ,
ವಿನೆಗರ್ ಸೀಸೆಗೂ ಕೆಮ್ಮಿನ ಔಷಧಿಗೂ ನಡುವೆ.

ವಿಷಯ: ತಾವು ನನ್ನ ಹೆಂಡತಿಯೊಡನೆ ಧಾರಾಳವಾಗಿ ಮಾತನಾಡಿ, ನನ್ನೊಡನೆ ಒಂದಕ್ಷರವನ್ನೂ ಆಡದಿರುವ ಬಗ್ಗೆ.

ಮಾನ್ಯರೇ,

ಪತ್ರ ಬರೆಯುವವನು ಮೊದಲು ಎದುರಿನವರ ಯೋಗಕ್ಷೇಮ ವಿಚಾರಿಸಬೇಕೆಂದು ಚಿಕ್ಕಂದಿನಲ್ಲಿ ಕಲಿಸಿದ್ದಾರೆ. ತಾವು ಬಿಸಿಲು ತಾಗದಂತೆ, ಬಿರಡೆ ಬಿಗಿದುಕೊಂಡು, ಕಪಾಟಿನಲ್ಲಿ ನೆಟ್ಟಗೆ ನಿಂತಿದ್ದೀರೆಂಬುದನ್ನು ಈಗಷ್ಟೇ ಎದ್ದು ಹೋಗಿ ನೋಡಿಕೊಂಡು ಬಂದಿರುವುದರಿಂದ ಆ ಪ್ರಶ್ನೆ ಕೇಳಿ ತಮ್ಮ ಸಮಯ ಹಾಳು ಮಾಡುವುದಿಲ್ಲ. ಇತ್ತ ನಾವೂ ಕ್ಷೇಮವೆಂದು ಬರೆಯುವುದು ವಾಡಿಕೆ. ಹಾಗೆ ಬರೆಯಲು ಸಾಧ್ಯವಿದ್ದಿದ್ದರೆ ಈ ಪತ್ರದ ಅಗತ್ಯವೇ ಇರುತ್ತಿರಲಿಲ್ಲವಾದ್ದರಿಂದ ಆ ಸಾಲನ್ನು ಸದ್ಯಕ್ಕೆ ಖಾಲಿ ಬಿಟ್ಟಿದ್ದೇನೆ.

ಒಂದೇ ಸೂರಿನಡಿ ಇರುವವರಿಗೆ ಬಹಿರಂಗ ಪತ್ರ ಬರೆಯುವುದು ಮರ್ಯಾದಸ್ಥರ ಲಕ್ಷಣವಲ್ಲ, ಒಪ್ಪುತ್ತೇನೆ. ಒಳಗೊಳಗೇ ಇತ್ಯರ್ಥ ಮಾಡಿಕೊಳ್ಳೋಣವೆಂದು ನಾನು ಎಷ್ಟೋ ಸಲ ತಮ್ಮ ಬಿರಡೆ ತೆಗೆದು, ತಮ್ಮ ಬಾಯಿಯ ಮೇಲೆ ನನ್ನ ಮೂಗನ್ನಿಟ್ಟು, ಅರ್ಜಿದಾರರು ಕಚೇರಿಯ ಕಿಟಕಿಯೆದುರು ನಿಲ್ಲುವಂತೆ ಬಾಗಿ ನಿಂತು ಕಾದದ್ದುಂಟು. ಒಳಗಿನಿಂದ ಉತ್ತರ ಬರಲಿಲ್ಲ. ಬಂದದ್ದು ಎದುರುಮನೆಯ ಕಿಟಕಿಯಿಂದ ಒಂದು ನೋಟ ಮಾತ್ರ. ಹಗಲುಹೊತ್ತಿನಲ್ಲೇ ಬಾಟಲಿಗೆ ಮೂಗು ಹಚ್ಚಿ ನಿಲ್ಲುವ ಗೃಹಸ್ಥನ ಬಗ್ಗೆ ಆ ಮನೆಯಲ್ಲಿ ಏನು ಮಾತಾಡಿಕೊಂಡಿದ್ದಾರೋ ನನಗೆ ತಿಳಿಯದು. ಮಾನ ಹೇಗೂ ಹೋಗಿದೆ, ಇನ್ನು ಮುಚ್ಚುಮರೆ ಯಾಕೆಂದು ಬಹಿರಂಗವಾಗಿಯೇ ಬರೆಯಲು ಕುಳಿತೆ.

ಮೊದಲಿಗೆ ಹೊಗಳಿಕೆ. ದೂರುವ ಮುಂಚೆ ನಾಲ್ಕು ಒಳ್ಳೆಯ ಮಾತು ಬರೆಯಬೇಕೆಂಬುದನ್ನು ಈಚೆಗೆ ನನಗೆ ಸಿಕ್ಕಿರುವ ಹೊಸ ಮೇಜಿನಲ್ಲಿ ಕಲಿತಿದ್ದೇನೆ. ಆ ಮೇಜಿನ ಸುದ್ದಿ ಮುಂದೆ ಬರುತ್ತದೆ. ವಯಸ್ಸಿನಲ್ಲಿ ತಾವು ಎದುರುಮನೆಯ ಮಗುವಿಗಿಂತಲೂ ಚಿಕ್ಕವರು. ಆ ಮಗುವಿಗೆ ಇನ್ನೂ ಬೂಟಿನ ಲಾಡಿ ಕಟ್ಟಲು ಬರುವುದಿಲ್ಲ. ತಾವಾಗಲೇ ಊರೂರು ಸುತ್ತಿ, ಗಾಜಿನ ಮೈಯ ಮೇಲೆ ಬಂಗಾರದ ಅಕ್ಷರ ಬರೆಸಿಕೊಂಡು, ಹಿರಿಯರು ಎದ್ದು ನಿಂತು ಬೆಳಕಿಗೆ ಹಿಡಿದು ನೋಡುವಂಥ ಸ್ಥಾನಕ್ಕೆ ಬಂದಿದ್ದೀರಿ. ತಾವು ಓಕ್ ಮರದ ಪೀಪಾಯಿಯಲ್ಲಿ ಕಳೆದದ್ದು ಬರೀ ನಾಲ್ಕು ವರ್ಷ. ನಾನು ಮರದ ಟೀ ಪೆಟ್ಟಿಗೆಗಳ ನಡುವೆ ಅದರ ಏಳೆಂಟು ಪಟ್ಟು ಕಾಲ ಕಳೆದಿದ್ದೇನೆ. ಈವರೆಗೆ ಯಾರೂ ನನ್ನನ್ನು ಬೆಳಕಿಗೆ ಹಿಡಿದು ನೋಡಿ ಆಹಾ ಎಂದಿಲ್ಲ. ಇದು ಹೊಟ್ಟೆಕಿಚ್ಚಲ್ಲ, ಕೇವಲ ಮಾಹಿತಿ.

ನಾನು ಚಹಾದ ರುಚಿ ನೋಡುವವನು. ಒಂದು ಚಹಾ ಕಂಪನಿಯ ಮೂರನೆಯ ಮಹಡಿಯಲ್ಲಿ, ಉತ್ತರದ ಬೆಳಕು ಬೀಳುವ ಉದ್ದನೆಯ ಕೋಣೆಯಲ್ಲಿ, ಬಿಳಿ ಬಟ್ಟಲುಗಳು ಸಾಲಾಗಿ ಕೂತಿರುತ್ತವೆ. ಒಂದೊಂದರ ಮುಂದೆಯೂ ನಿಂತು, ಚಮಚದ ತುಂಬ ಚಹಾವನ್ನು ಗಾಳಿಯ ಸಮೇತ ಸೊರ್ರೆಂದು ಎಳೆದುಕೊಂಡು, ಬಾಯೊಳಗೆ ಒಂದು ಸುತ್ತು ಹಾಕಿಸಿ, ಜೊತೆಯಲ್ಲೇ ಗಾಲಿಯ ಮೇಲೆ ಉರುಳಿಕೊಂಡು ಬರುವ ತಗಡಿನ ಡಬ್ಬಕ್ಕೆ ಉಗುಳಿ, ಒಂದು ಮಾತು ಹೇಳಿ ಮುಂದಿನ ಬಟ್ಟಲಿಗೆ ನಡೆಯುವುದು ನನ್ನ ಉದ್ಯೋಗ. ಹೊರಗಿನವರು ಇದನ್ನು ನಾಲಿಗೆಯ ಕೆಲಸವೆಂದುಕೊಳ್ಳುತ್ತಾರೆ. ನಾಲಿಗೆ ಅಲ್ಲಿ ಗುಮಾಸ್ತ. ಹುಳಿ, ಕಹಿ, ಒಗರು ಎಂದು ಬರೆದಿಟ್ಟು ಸುಮ್ಮನಾಗುತ್ತದೆ. ಸಹಿ ಹಾಕುವ ಸಾಹೇಬನೆಂದರೆ ಮೂಗು. ಈ ಎಲೆ ಹೊಗೆ ಕುಡಿದಿದೆ, ಈ ಪೆಟ್ಟಿಗೆಗೆ ತೇವ ಹೊಡೆದಿದೆ, ಇದರಲ್ಲಿ ಹುರಿದ ಬಾರ್ಲಿಯ ಘಮವಿದೆ ಎಂದು ನನ್ನ ಸಾಹೇಬ ಹೇಳಿದರೆ ಅದನ್ನು ತಿದ್ದುವವರು ಆ ಮಹಡಿಯಲ್ಲಿ ಯಾರೂ ಇರಲಿಲ್ಲ.

ಮೂಗು ಮುರಿಯುವುದಕ್ಕೇ ಸಂಬಳ ಪಡೆಯುವವನು ಮನೆಗೆ ಬಂದ ಮೇಲೆ ಆ ಕೆಲಸ ನಿಲ್ಲಿಸುತ್ತಾನೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಬಾಗಿಲಲ್ಲಿ ಬೂಟು ಬಿಚ್ಚುತ್ತಲೇ ಶುರು: ಬೆಳ್ಳುಳ್ಳಿ ಜಾಸ್ತಿಯಾಯಿತು, ಟವಲು ಸರಿಯಾಗಿ ಒಣಗಿಲ್ಲ, ಫ್ರಿಜ್ಜಿನಲ್ಲಿ ಅರ್ಧ ಈರುಳ್ಳಿ ತೆರೆದಿಟ್ಟವರು ಯಾರು, ನೆಲ ಒರೆಸಿದ ಬಟ್ಟೆಯನ್ನು ಹಿಂಡದೆ ಬಿಟ್ಟವರು ಯಾರು. ಮನೆಯಲ್ಲಿರುವುದು ಇಬ್ಬರೇ ಆದ್ದರಿಂದ ಈ 'ಯಾರು' ಯಾರೆಂಬುದು ಗುಟ್ಟೇನಲ್ಲ. ನನ್ನ ಹೆಂಡತಿ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಊರಿನವರ ಕಿಟಕಿ ಪರದೆಗಳನ್ನು ಹೊಲಿಯುತ್ತಾಳೆ. ನನ್ನ ಗೊಣಗಾಟ ಶುರುವಾದಾಗ ಯಂತ್ರದ ಪೆಡಲನ್ನು ಸ್ವಲ್ಪ ಜೋರಾಗಿ ತುಳಿಯುತ್ತಾಳೆ. ನಮ್ಮ ದಾಂಪತ್ಯ ಬಹುಕಾಲ ಈ ಎರಡು ಸದ್ದುಗಳ ಮೇಲೆ ಸುಖವಾಗಿ ನಡೆದಿತ್ತು.

ಹೀಗಿರುವಲ್ಲಿ ಚಳಿಗಾಲದ ಕೊನೆಗೆ ನನಗೊಂದು ಜ್ವರ ಬಂತು, ಹೋಯಿತು. ಹೋಗುವಾಗ ಸಾಹೇಬರನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಮೂಗು ಇದ್ದಲ್ಲೇ ಇದೆ, ಕನ್ನಡಕ ಕೂರುವುದಕ್ಕೆ ಅಡ್ಡಿಯಿಲ್ಲ; ಆದರೆ ವಾಸನೆಯೆಂಬುದು ಪೂರ್ತಿ ನಿಂತುಹೋಯಿತು. ಬೂಟ್ ಪಾಲಿಶ್ ಮೂಸಿದೆ, ಸೀಮೆಎಣ್ಣೆ ಮೂಸಿದೆ, ಹಿಂಡದೆ ಬಿಟ್ಟ ನೆಲದ ಬಟ್ಟೆಯನ್ನು ಕದ್ದು ತೆಗೆದುಕೊಂಡು ಹೋಗಿ ಬಚ್ಚಲಿನ ಬಾಗಿಲು ಹಾಕಿಕೊಂಡು ಮೂಸಿದೆ. ಎಲ್ಲವೂ ಬರೀ ಗಾಳಿ. ಡಾಕ್ಟರು ಮೂಗಿನೊಳಗೆ ದೀಪ ಬಿಟ್ಟು ನೋಡಿ, ಬಂದರೂ ಬರಬಹುದು, ಬರದೆಯೂ ಇರಬಹುದು ಎಂದು ಖಚಿತವಾಗಿ ತಿಳಿಸಿದರು. ನನಗೆ ಭಯವಾಯಿತು, ಮಾನ್ಯರೇ. ನಾನು ಹೇಡಿಯಲ್ಲ ಎಂದು ಬರೆಯುವ ಆಸೆಯಿದೆ, ಆದರೆ ಆಗ ರಾತ್ರಿ ಮಲಗಿದರೆ ಪಕ್ಕದಲ್ಲಿರುವವಳ ತಲೆಯ ಎಣ್ಣೆಯ ವಾಸನೆಯೂ ಇಲ್ಲದೆ ಬೇರೆ ಯಾರದೋ ಮನೆಯಲ್ಲಿ ಮಲಗಿದಂತೆ ಆಗುತ್ತಿತ್ತು. ಇದನ್ನು ನಾನು ಅವಳಿಗೂ ಹೇಳಲಿಲ್ಲ.

ಕಚೇರಿಯಲ್ಲಂತೂ ಹೇಳುವ ಮಾತೇ ಇಲ್ಲ. ಅಲ್ಲಿ ನನ್ನ ಪಕ್ಕ ಎರಡನೆಯ ರುಚಿಗಾರ ನಿಲ್ಲುತ್ತಾನೆ. ಹತ್ತು ವರ್ಷದಿಂದ ನನ್ನ ಜೊತೆಗಿರುವ ಮಿತಭಾಷಿ. ಒಳ್ಳೆಯ ಚಹಾ ಸಿಕ್ಕಿದರೆ ಅವನ ಎಡಗಡೆಯ ಹುಬ್ಬು ತಾನೇ ಮೇಲೇರುತ್ತದೆ, ಕೆಟ್ಟದ್ದಾದರೆ ಕೆಳಗಿಳಿಯುತ್ತದೆ. ನಾನು ಅವನನ್ನೇ ಮುಂದೆ ಕಳಿಸಿ, ಹುಬ್ಬು ನೋಡಿಕೊಂಡು, ಎಲೆಯ ಬಣ್ಣ ನೋಡಿಕೊಂಡು, ಗಂಭೀರವಾಗಿ ಸೊರ್ರೆಂದು ಎಳೆದು ತೀರ್ಪು ಕೊಡುತ್ತ ಬಂದೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ಎಷ್ಟೋ ವಾರ ನಡೆಯಿತು. ಆದರೆ ಹಂಗಾಮಿನ ಮೊದಲ ದೊಡ್ಡ ಸರಕು ಬಂದ ದಿನ ನಮ್ಮಲ್ಲಿ ಒಂದು ಪದ್ಧತಿಯಿದೆ: ಮುಖ್ಯ ರುಚಿಗಾರ ಒಬ್ಬನೇ ಮೊದಲು ಸಾಲಿನ ಉದ್ದಕ್ಕೂ ನಡೆಯಬೇಕು, ಅವನು ಮುಗಿಸುವವರೆಗೆ ಉಳಿದವರು ಗೋಡೆಯ ಹತ್ತಿರ ಅವನ ಬೆನ್ನ ಹಿಂದೆ ನಿಂತಿರಬೇಕು. ಬೆನ್ನ ಹಿಂದಿನ ಹುಬ್ಬನ್ನು ಓದುವ ವಿದ್ಯೆ ನನಗಿಲ್ಲ. ಆ ದಿನ ಸೋಮವಾರಕ್ಕೆ ನಿಗದಿಯಾಗಿತ್ತು. ಅಷ್ಟರೊಳಗೆ ಮೂಗು ವಾಪಸು ಬರಬೇಕು, ಇಲ್ಲವಾದರೆ ಕೆಟ್ಟ ಸರಕು ನನ್ನ ಮಾತಿನ ಮೇಲೆ ಸಾವಿರಾರು ಮನೆಗಳಿಗೆ ಹೋಗಬೇಕು, ಅದರ ಹಿಂದೆಯೇ ನನ್ನ ಕುರ್ಚಿಯೂ ಹೋಗಬೇಕು.

ಅದರ ಹಿಂದಿನ ಶನಿವಾರ ಸಂಜೆ ತಮ್ಮ ಆಗಮನವಾಯಿತು. ಕರೆತಂದವನು ನನ್ನ ಭಾವಮೈದ, ಹೆಂಡತಿಯ ತಮ್ಮ. ವೃತ್ತಿಯಿಂದ ಲಿಫ್ಟ್ ರಿಪೇರಿಯವನು. ಪ್ರವೃತ್ತಿಯಿಂದ ವಿಸ್ಕಿ ಪಂಡಿತ. ಅವನ ಪ್ರಕಾರ ವಿಸ್ಕಿ ಕುಡಿಯುವುದಕ್ಕಲ್ಲ, ಅಧ್ಯಯನಕ್ಕೆ. ಅಧ್ಯಯನ ಮುಗಿದ ಮೇಲೆ ಮಿಕ್ಕಿದ್ದನ್ನು ಚೆಲ್ಲಬಾರದೆಂಬ ಒಂದೇ ಕಾರಣಕ್ಕೆ ಕುಡಿಯುತ್ತಾನಂತೆ. ಬಾಯಿ ಕಿರಿದಾದ, ಹೊಟ್ಟೆ ದುಂಡಗಿನ ಎರಡು ಗಾಜಿನ ಲೋಟಗಳನ್ನು ಒಡೆಯದಿರಲೆಂದು ತನ್ನ ಎರಡು ಉಣ್ಣೆಯ ಕಾಲುಚೀಲಗಳೊಳಗೆ ತೂರಿಸಿ ತಂದಿದ್ದ. ಕಾಲುಚೀಲಗಳು ಒಗೆದದ್ದೋ ಎಂದು ನನ್ನ ಹೆಂಡತಿ ಕೇಳಿದ್ದಕ್ಕೆ, ಅದು ಮುಖ್ಯವಲ್ಲ ಎಂದ. ಮೊದಲಿನ ನಾನಾಗಿದ್ದರೆ ಆ ಕಾಲುಚೀಲದ ಬಗ್ಗೆಯೇ ಒಂದು ಗಂಟೆ ಮಾತಾಡುತ್ತಿದ್ದೆ.

ತಮ್ಮ ಬಗ್ಗೆ ಅವನು ಆಡಿದ ಮಾತು ನನ್ನ ಜೀವಕ್ಕೆ ಜೀವ ತಂದಿತೆಂಬುದನ್ನು ಇಲ್ಲಿ ದಾಖಲಿಸಬೇಕು. "ಇದು ಎಳೇದು ಭಾವ. ವಯಸ್ಸಾದ ವಿಸ್ಕಿ ಮರದ ಹಿಂದೆ ಅಡಗಿಕೊಂಡು ಪಿಸುಮಾತಾಡುತ್ತೆ. ಎಳೇದಕ್ಕೆ ನಾಚಿಕೆ ಗೀಚಿಕೆ ಏನೂ ಇಲ್ಲ, ಕಿರಿಚುತ್ತೆ. ನೆಗಡಿ ಆದವನಿಗೂ ಕೇಳಿಸುತ್ತೆ" ಎಂದ. ಕಿರಿಚುವವರೇ ನನಗೆ ಬೇಕಾಗಿತ್ತು. ಬೂಟ್ ಪಾಲಿಶ್ ಮಾಡದಿದ್ದುದನ್ನು ತಾವು ಮಾಡುವಿರೆಂದು, ಸೋಮವಾರದ ಭಾರವನ್ನೆಲ್ಲ ತಮ್ಮ ನಾಲ್ಕು ವರ್ಷದ ಹೆಗಲ ಮೇಲೆ ಹೊರಿಸಿ, ನಾನು ಕುರ್ಚಿಯನ್ನು ಮೇಜಿಗೆ ಎಳೆದುಕೊಂಡೆ. ಈಗ ಯೋಚಿಸಿದರೆ ಅದು ಮೂಗಿಗಿಂತ ಮೂಗುತಿ ಭಾರವಾದ ನಿರೀಕ್ಷೆಯಾಗಿತ್ತು, ಆದರೆ ಮುಳುಗುವವನು ಹುಲ್ಲುಕಡ್ಡಿಯ ವಯಸ್ಸು ಕೇಳುವುದಿಲ್ಲ.

ಭಾವಮೈದ ತಮ್ಮನ್ನು ಅಡುಗೆಮನೆಗೆ ಒಯ್ದು, ಅಲ್ಲೇ ಲೋಟಗಳಿಗೆ ಇಳಿಸಿ, ಚಹಾ ಚಮಚದಲ್ಲಿ ಒಂದೆರಡು ಹನಿ ನೀರು ಬೆರೆಸಿ ತಂದು ನನ್ನ ಮುಂದಿಟ್ಟ. ತಾವು ಒಣಹುಲ್ಲಿನ ಬಣ್ಣದಲ್ಲಿ, ಇನ್ನೂ ಸ್ವಲ್ಪ ಬೆಳೆಯಬೇಕಾದವರ ಹಾಗೆ ತೆಳ್ಳಗೆ ಕಾಣುತ್ತಿದ್ದಿರಿ. ಬಾಯಿ ಚೂರು ತೆರೆದುಕೊಂಡು, ಮೂಗನ್ನು ಲೋಟದ ಅಂಚಿಗೆ ತಂದು ಎಳೆದುಕೊಂಡೆ. ಎಳೆದ ಕ್ಷಣ ಮೂಗಿನೊಳಗೆ ಚುರುಕ್ಕೆಂದಿತು! ಕಣ್ಣಲ್ಲಿ ನೀರು ಬಂತು. ಬಂತು, ಬಂತು, ಸಾಹೇಬರು ವಾಪಸು ಬಂದರು ಎಂದು ನಾನು ಒಳಗೊಳಗೇ ಕುಣಿದಾಡಿದೆ. ಆಮೇಲೆ ತಿಳಿಯಿತು, ಅದು ವಾಸನೆಯಲ್ಲ, ಬರೀ ಉರಿ. ತಮ್ಮ ಘಾಟು ನನ್ನ ಮೂಗಿಗೆ ಚಿವುಟಿ ಹೋಗಿತ್ತು, ಅಷ್ಟೆ. ಚಿವುಟಿದವರು ಯಾರೆಂದು ಗುರುತು ಹಚ್ಚಲು ಒಂದು ಸುಳಿವನ್ನೂ ತಾವು ಬಿಟ್ಟುಹೋಗಿರಲಿಲ್ಲ.

ಇದು ನನ್ನ ಮೊದಲನೆಯ ದೂರು. ಮನೆಗೆ ಬಂದ ಅತಿಥಿ ಬಾಗಿಲು ಬಡಿದು, ಬಾಗಿಲು ತೆಗೆಯುವಷ್ಟರಲ್ಲಿ ಓಡಿಹೋಗುವುದು ತಮ್ಮ ವಯಸ್ಸಿನವರಿಗೆ ಆಟವಾಗಿರಬಹುದು. ಒಳಗೆ ಕಾಯುತ್ತ ಕೂತವನಿಗೆ ಅದು ಆಟವಲ್ಲ.

ಎರಡನೆಯ ದೂರು ತಮ್ಮ ಉಡುಪಿಗೆ ಸಂಬಂಧಿಸಿದ್ದು. ಭಾವಮೈದ ನೀರು ತರಲು ಮತ್ತೆ ಒಳಗೆ ಹೋದಾಗ ತಾವು ಬಂದಿದ್ದ ರಟ್ಟಿನ ಪೆಟ್ಟಿಗೆ ಮೇಜಿನ ಮೇಲೆ, ನನ್ನ ಕಣ್ಣಿನ ಎದುರಿಗೇ ಇತ್ತು. ಅದರ ಬೆನ್ನ ಮೇಲೆ ತಮ್ಮ ಗುಣಗಾನ ಅಚ್ಚಾಗಿತ್ತು: ಮರದ ಹೊಗೆ, ಟಾರು, ಕಡಲ ಉಪ್ಪು, ಹಳೆಯ ಚರ್ಮ, ಒಣದ್ರಾಕ್ಷಿ. ಎಷ್ಟೋ ವಾರದಿಂದ ಹುಬ್ಬು ಓದಿ ಬದುಕಿದವನಿಗೆ ಇಷ್ಟು ದಪ್ಪ ಅಕ್ಷರ ಸಿಕ್ಕರೆ ಕೇಳಬೇಕೆ? ಅವನು ವಾಪಸು ಬಂದು ಕೂತಾಗ ನಾನು ಕಣ್ಣು ಮುಚ್ಚಿ, ವೃತ್ತಿಯ ಪೂರ್ತಿ ಗಾಂಭೀರ್ಯದಿಂದ ತಮ್ಮನ್ನು ಸೊರ್ರೆಂದು ಎಳೆದು, ಬಾಯೊಳಗೆ ಸುತ್ತಿಸಿ, ಅಭ್ಯಾಸಬಲದಿಂದ ಪಕ್ಕದ ಹೂವಿನ ಕುಂಡಕ್ಕೆ ಉಗುಳಿ, "ಹೊಗೆ. ಮೊದಲು ಹೊಗೆ. ಆಮೇಲೆ ಟಾರು. ಕೊನೇಲಿ ಕಡಲ ಉಪ್ಪು" ಎಂದು ತೀರ್ಪು ಕೊಟ್ಟೆ.

ಭಾವಮೈದನ ಮುಖ ನೋಡುವಂತಿತ್ತು. ಯಾವುದಕ್ಕೆ ಮೊದಲು ಆಘಾತಗೊಳ್ಳಬೇಕೆಂದು ತಿಳಿಯದೆ ಒಮ್ಮೆ ಕುಂಡವನ್ನೂ ಒಮ್ಮೆ ನನ್ನನ್ನೂ ನೋಡಿದ. "ಉಗುಳಿಬಿಟ್ರಾ ಭಾವ? ಸಿಂಗಲ್ ಮಾಲ್ಟ್ ಉಗುಳಿಬಿಟ್ರಾ?" ಎಂದ. ಆಮೇಲೆ, "ಹೊಗೆನಾ? ಇದರಲ್ಲಿ ಹೊಗೆ ಎಲ್ಲಿಂದ ಬಂತು? ಹೊಗೆಯ ಹತ್ತಿರಕ್ಕೂ ಹೋಗದ ವಿಸ್ಕಿ ಇದು!" ಎಂದ. ಆಗ ಸತ್ಯ ಹೊರಬಿತ್ತು. ತಮ್ಮ ಸ್ವಂತ ಪೆಟ್ಟಿಗೆಯನ್ನು ಅವನ ಮಗಳು ಬಣ್ಣದ ಪೆನ್ಸಿಲ್ ಇಟ್ಟುಕೊಳ್ಳಲು ಎತ್ತಿಕೊಂಡಿದ್ದರಿಂದ, ಅವನು ತಮ್ಮನ್ನು ಮನೆಯಲ್ಲಿ ಖಾಲಿ ಬಿದ್ದಿದ್ದ ಹದಿನಾರು ವರ್ಷದ ಇನ್ನೊಬ್ಬ ಹಿರಿಯರ ಪೆಟ್ಟಿಗೆಯಲ್ಲಿ ಕೂರಿಸಿ ತಂದಿದ್ದ. ಅಜ್ಜನ ಕೋಟು ಹಾಕಿಕೊಂಡು ಬಂದ ಮೊಮ್ಮಗನನ್ನು ನಾನು ಅಜ್ಜನೆಂದೇ ಮಾತಾಡಿಸಿದ್ದೆ.

ತಾವು ಆಗ ಒಂದು ಮಾತು ಹೇಳಬಹುದಾಗಿತ್ತು. ಇದು ನನ್ನ ಪೆಟ್ಟಿಗೆಯಲ್ಲವೆಂದು ಮೆಲ್ಲಗೆ ಒಂದು ಸೂಚನೆ ಕೊಟ್ಟಿದ್ದರೂ ನನ್ನ ಮಾನ ಉಳಿಯುತ್ತಿತ್ತು. ತಾವು ಲೋಟದ ತಳದಲ್ಲಿ ಹಾಯಾಗಿ ಕೂತಿದ್ದಿರಿ. ಭಾವಮೈದ ಬಿದ್ದು ಬಿದ್ದು ನಕ್ಕು, "ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ! ಮೂವತ್ತು ವರ್ಷ ಮೂಗಿನಿಂದ ಸಂಬಳ ತಗೊಂಡವರು ನೋಡಕ್ಕ ಇವರು!" ಎಂದು ಒಳಗಿದ್ದ ಅಕ್ಕನನ್ನು ಕರೆದ. ಅವನು ಕೆಟ್ಟವನಲ್ಲ, ಭಾವ-ಭಾವಮೈದರ ನಡುವೆ ಇಂಥ ಮಾತು ನಡೆಯುತ್ತಲೇ ಇರುತ್ತದೆ, ನಾನೂ ಅವನ ಲಿಫ್ಟುಗಳ ಬಗ್ಗೆ ಇದಕ್ಕಿಂತ ಹೆಚ್ಚಿನದನ್ನು ಅಂದಿದ್ದೇನೆ. ಆದರೆ ಅಂದು ನನಗೆ ನಗು ಬರಲಿಲ್ಲ. ಲೋಟವನ್ನು ಹಿಡಿದುಕೊಂಡು ಕೂತೇ ಇದ್ದೆ.

ಹೊಲಿಗೆ ಯಂತ್ರದ ಸದ್ದು ನಿಂತಿತು. ನನ್ನ ಹೆಂಡತಿ ಕೊರಳಿಗೆ ಅಳತೆ ಟೇಪು ಹಾಕಿಕೊಂಡೇ ಬಂದಳು. ಹುಟ್ಟಿದಾರಭ್ಯ ಮದ್ಯದ ಲೋಟ ಮುಟ್ಟದವಳು, ತಮ್ಮಂಥವರು ಮೇಜಿನ ಮೇಲಿದ್ದರೆ ಮೇಜುಬಟ್ಟೆಯನ್ನೇ ಬದಲಾಯಿಸುವವಳು, ನನ್ನ ಕೈಯಿಂದ ಲೋಟ ತೆಗೆದುಕೊಂಡು ಮೂಗಿಗೆ ಹಿಡಿದಳು. ಯಾವ ಪೆಟ್ಟಿಗೆಯನ್ನೂ ನೋಡಲಿಲ್ಲ. "ಹೊಸದಾಗಿ ಕೆತ್ತಿದ ಪೆನ್ಸಿಲ್" ಎಂದಳು. ಇನ್ನೊಮ್ಮೆ ಮೂಸಿ, "ಹಸಿರು ಸೇಬು ಅರ್ಧ ಕಚ್ಚಿ ಎಲ್ಲೋ ಇಟ್ಟು ಮರೆತ ಹಾಗೆ. ಬ್ರೆಡ್ಡಿನ ಹಿಟ್ಟು ಉಬ್ಬೋವಾಗ ಬರುತ್ತಲ್ಲ, ಅದು" ಎಂದಳು. ಪಂಡಿತ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಅವನು ತನ್ನ ವಿಸ್ಕಿ ಪ್ರಿಯರ ಸಂಘದಲ್ಲಿ ಎರಡು ಸಂಜೆ ಕೂತು ಕಂಡುಹಿಡಿದದ್ದನ್ನೇ ಅವಳು ನಿಂತ ನಿಲುವಿನಲ್ಲಿ ಹೇಳುತ್ತಿದ್ದಳಂತೆ. ಕೊನೆಗೆ ನನ್ನ ಕಡೆ ತಿರುಗಿ, "ನೀವು ಕೆಲಸದಿಂದ ಬಂದಾಗ ಶರ್ಟಿನ ಕಾಲರಲ್ಲಿ ಇರುತ್ತಲ್ಲ, ಟೀ ಪೆಟ್ಟಿಗೆ ಮರದ ವಾಸನೆ, ಅದೂ ಒಂಚೂರು ಇದೆ" ಎಂದಳು. ನನ್ನ ಕಾಲರಿಗೆ ವಾಸನೆಯಿದೆಯೆಂಬುದು, ಇಷ್ಟು ವರ್ಷ ಊರಿನ ವಾಸನೆಯನ್ನೆಲ್ಲ ಹಿಡಿದ ನನಗೆ, ಅಂದಿನವರೆಗೆ ಗೊತ್ತಿರಲಿಲ್ಲ.

ಆಮೇಲೆ ಅವಳು ತಮ್ಮನ ಕಡೆ ತಿರುಗಿ, "ಏಯ್, ನಗಬೇಡ ಸುಮ್ನಿರು. ಅವರಿಗೆ ಜ್ವರ ಬಂದಾಗಿನಿಂದ ವಾಸನೆ ಬರ್ತಿಲ್ಲ" ಎಂದಳು.

ನಿನಗೆ ಹೇಗೆ ಗೊತ್ತಾಯಿತೆಂದು ನಾನು ಕೇಳಿದ್ದಕ್ಕೆ ಅವಳು ಕೊಟ್ಟ ಉತ್ತರವನ್ನು ತಮ್ಮೆದುರಿಗೇ ಕೊಟ್ಟಿದ್ದರಿಂದ ತಾವು ಕೇಳಿಸಿಕೊಂಡಿರಬೇಕು. ಆದರೂ ಈ ಪತ್ರದ ಇತರ ಓದುಗರಿಗಾಗಿ ಬರೆಯುತ್ತೇನೆ. "ನೀವು ಗೊಣಗೋದು ನಿಲ್ಲಿಸಿಬಿಟ್ರಲ್ಲ! ಮೊದಲ ವಾರ ನೆಮ್ಮದಿ ಅನ್ನಿಸ್ತು. ಎರಡನೇ ವಾರ ಅನುಮಾನ ಬಂತು. ಬೇಕೂಂತಲೇ ಸೂಪು ತಳ ಹಿಡಿಸಿ ಕೊಟ್ಟೆ. ಇಡೀ ಬಟ್ಟಲು ಖಾಲಿ ಮಾಡಿ ಚೆನ್ನಾಗಿದೆ ಅಂದ್ರಿ. ಇಷ್ಟು ವರ್ಷದಲ್ಲಿ ನಿಮ್ಮ ಬಾಯಲ್ಲಿ ಚೆನ್ನಾಗಿದೆ ಅನ್ನೋ ಮಾತು ಕೇಳಿದ್ದೇ ಇಲ್ಲ ನಾನು. ಅವತ್ತು ನನಗೆ ಹೆದರಿಕೆ ಆಯ್ತು" ಎಂದಳು.

ಆಗ ನನಗೆ ಇನ್ನೊಂದು ವಿಷಯ ಹೊಳೆಯಿತು. ಕೆಲವು ವಾರಗಳಿಂದ ಅವಳು ತನ್ನಷ್ಟಕ್ಕೆ ತಾನೇ ಮಾತಾಡುವುದನ್ನು ರೂಢಿ ಮಾಡಿಕೊಂಡಿದ್ದಳು. ಹಾಲು ಉಕ್ಕೋ ವಾಸನೆ ಬರ್ತಿದೆ ಎಂದು ಅಡುಗೆಮನೆಯಿಂದ, ಇಸ್ತ್ರಿಪೆಟ್ಟಿಗೆ ಕಾದ ವಾಸನೆ ಎಂದು ಮುಂದಿನ ಕೋಣೆಯಿಂದ, ಕೆಳಗಿನ ಮನೇಲಿ ಬಣ್ಣ ಬಳೀತಿದಾರೆ ಎಂದು ಮೆಟ್ಟಿಲ ಮೇಲಿನಿಂದ. ವಯಸ್ಸಾಗುತ್ತ ಹೆಂಗಸು ವಾಚಾಳಿಯಾದಳೆಂದು ನಾನು ತಿಳಿದಿದ್ದೆ. ಅವಳು ನನಗೆ ತಿಳಿಯದ ಹಾಗೆ ತನ್ನ ಮೂಗನ್ನು ನನಗೆ ಎರವಲು ಕೊಡುತ್ತಿದ್ದಳು, ನಾನಾಗಿ ಹೇಳಲಿ ಎಂದು ಕಾಯುತ್ತಿದ್ದಳು. ಮಾನ್ಯರೇ, ನಾನು ಆಗ ಅತ್ತೆ. ಭಾವಮೈದ ಇದ್ದಾನೆಂದೂ ನೋಡಲಿಲ್ಲ. ಅವನು ಪಾಪ, ಏನು ಮಾಡುವುದೆಂದು ತೋಚದೆ, ನನ್ನ ಲೋಟಕ್ಕೆ ಎರಡು ಹನಿ ನೀರು ಹಾಕಿದ.

ಸೋಮವಾರ ಬೆಳಿಗ್ಗೆ ಬಟ್ಟಲುಗಳಿಗೆ ಬಿಸಿನೀರು ಸುರಿಯುವ ಮೊದಲೇ ಮ್ಯಾನೇಜರರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಎರಡನೆಯ ರುಚಿಗಾರ ಪಕ್ಕದಲ್ಲೇ ನಿಂತಿದ್ದ. ಅವನ ಹುಬ್ಬು ಮೇಲಕ್ಕೂ ಹೋಗಲಿಲ್ಲ, ಕೆಳಕ್ಕೂ ಇಳಿಯಲಿಲ್ಲ. ಅವನಿಗೂ ಮೊದಲೇ ಗೊತ್ತಿತ್ತೆಂದು ಕಾಣುತ್ತದೆ. ಅಂದಿನ ಸಾಲನ್ನು ಅವನೇ ನಡೆದ, ಮೂರು ಪೆಟ್ಟಿಗೆಗಳನ್ನು ತೇವ ಹೊಡೆದಿದೆಯೆಂದು ತಳ್ಳಿಹಾಕಿದ. ಬಣ್ಣ ನೋಡಿ ನಾನಾಗಿದ್ದರೆ ಆ ಮೂರನ್ನೂ ಪಾಸು ಮಾಡುತ್ತಿದ್ದೆ. ಮ್ಯಾನೇಜರು ಕೋಪಿಸಿಕೊಳ್ಳಲಿಲ್ಲ. "ಈ ಹಂಗಾಮು ಮುಗಿಯೋವರೆಗೆ ನಿಮ್ಮ ಕುರ್ಚಿ ನಿಮ್ಮದೇ. ಆಮೇಲೆ ಏನಾಗುತ್ತೋ ನಾನು ಮಾತು ಕೊಡೋಕಾಗಲ್ಲ. ಅಲ್ಲೀತನಕ ಮೂಗು ಬೇಡದ ಕೆಲಸ ಮಾಡಿ" ಎಂದು, ಗಿರಾಕಿಗಳ ದೂರಿನ ಪತ್ರಗಳಿಗೆ ಉತ್ತರ ಬರೆಯುವ ಮೇಜಿನಲ್ಲಿ ನನ್ನನ್ನು ಕೂರಿಸಿದರು.

ಇದೇ ಆ ಹೊಸ ಮೇಜು. ಇಲ್ಲಿ ಕೂತ ಮೇಲೆ ದೂರುವ ಕಲೆಯಲ್ಲಿ ನಾನಿನ್ನೂ ಎಷ್ಟು ಎಳಸು ಎಂಬುದು ತಿಳಿಯಿತು. ತಿಂಗಳುಗಟ್ಟಲೆ ಕುಡಿದು ಮುಗಿಸಿದ ಪುಡಿಯ ಖಾಲಿ ಡಬ್ಬವನ್ನು ಸಾಕ್ಷಿಗೆಂದು ಕಳಿಸುವವರಿದ್ದಾರೆ. ನಮ್ಮ ಚಹಾ ಕುಡಿದ ದಿನವೇ ಮನೆಯ ಬೆಕ್ಕು ಓಡಿಹೋಯಿತೆಂದು ಬರೆದವರಿದ್ದಾರೆ. ಮೊನ್ನೆ ಒಬ್ಬರು, ಈಚೆಗೆ ನಿಮ್ಮ ಚಹಾದಲ್ಲಿ ಪರಿಮಳವೇ ಇಲ್ಲ, ಮೊದಲಿನ ಹಾಗಿಲ್ಲ, ಏನು ಮೋಸವಿದು ಎಂದು ಬರೆದಿದ್ದರು. ಇಂಥದ್ದಕ್ಕೆ ಡಬ್ಬದ ಮುಚ್ಚಳ ಬಿಗಿಯಾಗಿಡಿ ಎಂದು ಬರೆಯುವುದು ಕಂಪನಿಯ ಪದ್ಧತಿ. ನಾನು, "ದಯಮಾಡಿ ಮನೆಯಲ್ಲಿ ಇನ್ನೊಬ್ಬರಿಗೆ ಮೂಸಲು ಕೊಡಿ. ಅವರಿಗೂ ಬರದಿದ್ದರೆ ತಪ್ಪು ನಮ್ಮದು, ಹೊಸ ಡಬ್ಬ ಕಳಿಸುತ್ತೇವೆ. ಅವರಿಗೆ ಬಂದರೆ ಹೆದರಬೇಡಿ, ಆದರೆ ಮುಚ್ಚಿಡಬೇಡಿ" ಎಂದು ಬರೆದೆ. ಮ್ಯಾನೇಜರು ಅದನ್ನು ಎರಡು ಸಲ ಓದಿ ಅಂಚೆಗೆ ಹಾಕಿಸಿದರು.

ಹೀಗೆ ಪಳಗಿದ ಕೈಯಿಂದ ಈಗ ತಮ್ಮಲ್ಲಿ ಕೆಲವು ಬೇಡಿಕೆಗಳನ್ನು ಸಲ್ಲಿಸುತ್ತಿದ್ದೇನೆ. ತಾವು ಕಿರಿಚುವವರೆಂಬ ಖ್ಯಾತಿಗೆ ತಕ್ಕಂತೆ ನನ್ನ ಮನೆಯಲ್ಲಿ ಇನ್ನೂ ಸ್ವಲ್ಪ ಜೋರಾಗಿ ಕಿರಿಚಬೇಕು. ನೆರೆಹೊರೆಯವರ ಆಕ್ಷೇಪಣೆ ಬಂದರೆ ನಾನು ನೋಡಿಕೊಳ್ಳುತ್ತೇನೆ. ನನ್ನ ಹೆಂಡತಿಗೆ ಕೊಟ್ಟ ಪೆನ್ಸಿಲ್, ಸೇಬು ಮತ್ತು ಬ್ರೆಡ್ಡಿನ ಹಿಟ್ಟಿನಲ್ಲಿ ನನ್ನ ಪಾಲನ್ನು ಎತ್ತಿಟ್ಟಿರಬೇಕು. ಕುಂಡದಲ್ಲಿರುವ ಗಿಡ ಆ ಸಂಜೆಯಿಂದ ಒಂದು ಕಡೆಗೆ ವಾಲಿಕೊಂಡಿದೆ. ಅದರ ಕ್ಷಮೆಯನ್ನು ತಾವೇ ಕೇಳಬೇಕು, ಏಕೆಂದರೆ ನನ್ನ ಮಾತನ್ನು ಅದು ಕೇಳುತ್ತಿಲ್ಲ. ಇನ್ನೊಂದು ವಿಚಾರ. ಪೀಪಾಯಿಯಿಂದ ಬಾಟಲಿಗೆ ಇಳಿದ ಮೇಲೆ ತಮ್ಮಂಥವರಿಗೆ ವಯಸ್ಸಾಗುವುದಿಲ್ಲವೆಂದು, ಎಷ್ಟು ವರ್ಷ ಕಪಾಟಿನಲ್ಲಿದ್ದರೂ ನಾಲ್ಕು ನಾಲ್ಕೇ ಎಂದು ಭಾವಮೈದ ಹೇಳುತ್ತಾನೆ. ಆ ಸೌಲಭ್ಯವನ್ನು ಮುಂದಿನ ಕೋಣೆಯಲ್ಲಿ ಪರದೆ ಹೊಲಿಯುತ್ತಿರುವವಳಿಗೂ ವಿಸ್ತರಿಸಲು ಸಾಧ್ಯವೇ ಎಂದು ತಿಳಿಸಬೇಕು. ನನ್ನ ಮೂಗು ಬರುವವರೆಗೆ ಅವಳೂ ಹೀಗೇ, ಇಷ್ಟೇ ಇದ್ದರೆ ಸಾಕು.

ಇವುಗಳಲ್ಲಿ ಒಂದನ್ನೂ ತಾವು ನಡೆಸಿಕೊಡುವುದಿಲ್ಲವೆಂದು ಬಲ್ಲೆ. ಆದರೂ ಇಷ್ಟು ಉದ್ದಕ್ಕೆ ಗೊಣಗಿದ ಮೇಲೆ ಎದೆ ಹಗುರಾಗಿದೆ. ಪತ್ರ ಬರೆಯುತ್ತಿರುವಾಗ ಹೊಲಿಗೆ ಯಂತ್ರದ ಪೆಡಲು ಒಂದೆರಡು ಸಲ ಜೋರಾದದ್ದೂ ಕೇಳಿಸಿತು. ಬಿರಡೆಯನ್ನು ಬಿಗಿಯಾಗಿ ಹಾಕಿಕೊಂಡು, ವಿನೆಗರ್‌ನವರೊಡನೆ ಹೊಂದಿಕೊಂಡು ಇರಬೇಕಾಗಿ ವಿನಂತಿ.

ಇಂತಿ, ಇಷ್ಟಾದರೂ
ತಮ್ಮ ವಿಶ್ವಾಸಿ,
ಸಾಹೇಬರು ರಜೆಯ ಮೇಲಿರುವ ಒಬ್ಬ ರುಚಿಗಾರ

ವಿ.ಸೂ.: ಪತ್ರವನ್ನು ಲಕೋಟೆಗೆ ಹಾಕುವ ಮೊದಲು ಒಂದು ಘಟನೆ ನಡೆದಿರುವುದರಿಂದ ಸೇರಿಸುತ್ತಿದ್ದೇನೆ. ತಮ್ಮ ಕಪಾಟಿನ ಕೆಳಗಿನ ಅರೆಯಲ್ಲಿ ಲಕೋಟೆ ಹುಡುಕುವಾಗ ಕೈಗೆ ಉಣ್ಣೆಯ ಮುದ್ದೆಯೊಂದು ಸಿಕ್ಕಿತು. ಎತ್ತಿದೆ, ಎತ್ತಿದ್ದೇ ತಡ, ನನ್ನ ಅರಿವಿಗೂ ಮೊದಲು ನನ್ನ ಬಾಯಿ, "ಏನಿದು ಗಬ್ಬು ನಾತ! ಈ ದರಿದ್ರ ಕಾಲುಚೀಲವನ್ನ ಇಲ್ಲಿಟ್ಟವರು ಯಾರು?" ಎಂದು ಮನೆ ಹಾರಿಹೋಗುವಂತೆ ಕೂಗಿತು. ಪೆಡಲು ಗಕ್ಕನೆ ನಿಂತಿತು. ತಾವು ನಾಲ್ಕು ವರ್ಷದ ತಪಸ್ಸಿನಿಂದ ಮಾಡಲಾಗದ್ದನ್ನು ನನ್ನ ಭಾವಮೈದ ಅಂದು ಮರೆತುಹೋದ ಎಡಗಾಲಿನ ಚೀಲ ಒಂದೇ ಉಸಿರಿನಲ್ಲಿ ಮಾಡಿತೆಂದು ತಮ್ಮ ಅವಗಾಹನೆಗೆ ತರುತ್ತಿದ್ದೇನೆ. ಮುಂದಿನ ಸಲ ಯಾರದಾದರೂ ಪೆಟ್ಟಿಗೆಯಲ್ಲಿ ಕೂತು ಬರುವಾಗ ಇದನ್ನು ನೆನಪಿಟ್ಟುಕೊಳ್ಳಿ. ನನ್ನ ಹೆಂಡತಿ ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಓಡಿ ಬಂದಳು. ಬಂದವಳು ಬಾಗಿಲ ಚೌಕಟ್ಟು ಹಿಡಿದು ನಿಂತು, ಸೂಜಿಯನ್ನು ತೆಗೆದು ಸೆರಗಿಗೆ ಚುಚ್ಚಿಕೊಂಡು, "ಏನಂದ್ರಿ? ಇನ್ನೊಂದ್ಸಲ ಗೊಣಗಿ" ಎಂದಳು.